ಲಂಕಾವಿಯಿಂದ ಕೊಕೋಸ್, ರಾಡ್ರಿಗಸ್‌ಗೆ ಹಾಯಿ ಯಾಟ್‌ನಲ್ಲಿ ಕರೆಯುತ್ತಿದ್ದಾರೆ, ಹೋಗಲಾ?

ಹಿನ್ನೀರು_ಮಂಡ್ಯ:
ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಈ ಮಾತು ಎತ್ತುವ ಮುಂಚೆ ತಿಳಿದವರನ್ನು ಕೇಳೋಣ ಅಂತ ಇಲ್ಲಿ ಬರೆಯುತ್ತಿದ್ದೇನೆ.

ನನಗೆ 56 ವರ್ಷ. ಬ್ಯಾಂಕ್ ಕೆಲಸಕ್ಕೆ ವಿಆರ್‌ಎಸ್ ಕೊಟ್ಟು ಎರಡು ವರ್ಷ ಆಯಿತು. ನಾಲ್ಕು ವರ್ಷದಿಂದ ಭಾನುವಾರ ಬಂದರೆ ಕೆಆರ್‌ಎಸ್ ಹಿನ್ನೀರಿಗೆ ಹೋಗಿ ಚಿಕ್ಕ ಹಾಯಿದೋಣಿ ನಡೆಸುತ್ತೇನೆ. ಗಾಳಿ ಯಾವ ದಿಕ್ಕಿನಿಂದ ಬೀಸಿದರೂ ದೋಣಿಯನ್ನು ವಾಪಸ್ ದಡಕ್ಕೆ ತರುವಷ್ಟು ಕಲಿತಿದ್ದೇನೆ. ಸಮುದ್ರದಲ್ಲಿ ಮಾತ್ರ ಒಂದು ದಿನವೂ ಹಾಯಿ ಏರಿಸಿಲ್ಲ.

ಕಾಲೇಜಿನ ಗೆಳೆಯನೊಬ್ಬ ಮಲೇಷ್ಯಾದಲ್ಲಿ ನೆಲೆಸಿದ್ದಾನೆ. ಲಂಕಾವಿಯಲ್ಲಿ 38 ಅಡಿಯ ಯಾಟ್ ಇಟ್ಟುಕೊಂಡಿದ್ದಾನೆ. ಮುಂದಿನ ವರ್ಷ ಸುಮಾತ್ರಾದ ಪಶ್ಚಿಮ ಕರಾವಳಿ ಹಿಡಿದು ಪಾಡಾಂಗ್‌ಗೆ, ಅಲ್ಲಿಂದ ಕೊಕೋಸ್ ಕೀಲಿಂಗ್ ದ್ವೀಪಕ್ಕೆ, ಆಮೇಲೆ ರಾಡ್ರಿಗಸ್, ಮಾರಿಷಸ್. ಅವನೂ ಅವನ ಭಾಮೈದನೂ ಇದ್ದಾರೆ. ಮೂರನೆಯವನಾಗಿ ನನ್ನನ್ನು ಕರೆಯುತ್ತಿದ್ದಾನೆ. ಖರ್ಚು ಮೂರು ಪಾಲು.

ದುಬೈ, ಸಿಂಗಪುರ ನೋಡುವ ಆಸೆ ನನಗಿಲ್ಲ. ಆದರೆ ಗಾಳಿಯನ್ನೇ ನಂಬಿಕೊಂಡು ಹದಿನೈದು ದಿನ ಹೋಗಿ, ಮ್ಯಾಪಿನಲ್ಲಿ ಚುಕ್ಕಿಯಷ್ಟಿರುವ ಒಂದು ಊರು ಮುಟ್ಟಬೇಕು ಅನ್ನೋದು ಎಷ್ಟೋ ವರ್ಷದಿಂದ ಮನಸ್ಸಿನಲ್ಲಿದೆ. ನನ್ನಂಥವನು ಹೋಗಬಹುದಾ? ಏನೇನು ನೋಡಿಕೊಳ್ಳಬೇಕು? ದಯವಿಟ್ಟು ನಿಜ ಹೇಳಿ.

ಪಾಂಡವಪುರ_ಪುಟ್ಟ:
ಅಣ್ಣ, ಹೋಗಿ ಬನ್ನಿ. ಇನ್ನು ಹತ್ತು ವರ್ಷ ಬಿಟ್ಟರೆ ಮಂಡಿ ಬಿಡೋದಿಲ್ಲ.

ದಸರಾ_ಬೊಂಬೆ:
ಮೊದಲು ಮನೆಯವರಿಗೆ ಹೇಳಿ ಸರ್. ಅವರು ಒಪ್ಪಿದ ಮೇಲೆ ನಮ್ಮನ್ನು ಕೇಳಿ. ನಮ್ಮ ತಂದೆ ಸರಕು ಹಡಗಿನಲ್ಲಿ ಕೆಲಸ ಮಾಡುತ್ತಿದ್ದರು. ಅಗ್ರಹಾರದ ಮನೆಯಲ್ಲಿ ಅಮ್ಮ ಪೋಸ್ಟ್‌ಮ್ಯಾನ್ ಸೈಕಲ್ ಬೆಲ್ ಕೇಳಿದ ತಕ್ಷಣ ಒಲೆ ಆರಿಸಿ ಬಾಗಿಲಿಗೆ ಓಡುತ್ತಿದ್ದರು. ಕಾಗದ ಇಲ್ಲದಿದ್ದರೆ ಆ ದಿನ ಅವರು ಊಟ ಮಾಡುತ್ತಿರಲಿಲ್ಲ. ಹೋದವರಿಗೆ ಸಮುದ್ರ ಕಾಣುತ್ತದೆ, ಉಳಿದವರಿಗೆ ಏನೂ ಕಾಣುವುದಿಲ್ಲ.

ಲಂಗರು:
ನಾನು ಮರ್ಚೆಂಟ್ ನೇವಿಯಲ್ಲಿ 31 ವರ್ಷ ಇದ್ದವನು. ಈಗ ಕುವೆಂಪುನಗರ. ಖಾರವಾಗಿ ಹೇಳಿದರೆ ಬೇಜಾರು ಮಾಡಿಕೊಳ್ಳಬೇಡಿ.

ನಿಮ್ಮ ಗೆಳೆಯ ಎಷ್ಟು ಸಲ ರಾತ್ರಿ ಸಮುದ್ರದಲ್ಲಿ ಯಾಟ್ ನಡೆಸಿದ್ದಾನೆ? ಅದನ್ನು ಕೇಳಿದಿರಾ? ಲಂಕಾವಿ ಸುತ್ತಮುತ್ತ ದ್ವೀಪಗಳ ಮರೆಯಲ್ಲಿ ಓಡಾಡುವುದು ಬೇರೆ, ಕೊಕೋಸ್‌ನಿಂದ ರಾಡ್ರಿಗಸ್‌ಗೆ ಹೋಗೋದು ಬೇರೆ. ಅದು ಸುಮಾರು 2,000 ನಾಟಿಕಲ್ ಮೈಲಿ. ಒಂದು ನಾಟಿಕಲ್ ಮೈಲಿ ಅಂದರೆ 1.852 ಕಿಲೋಮೀಟರ್, ಲೆಕ್ಕ ಹಾಕಿ. 38 ಅಡಿಯ ದೋಣಿ ದಿನಕ್ಕೆ 130 ಮೈಲಿ ಹೋದರೆ ಚೆನ್ನಾಗಿ ಹೋಯಿತು ಅಂತ ಅರ್ಥ. ಅಂದರೆ 15–16 ದಿನ. ನಡುವೆ ನಿಲ್ಲಲು ಒಂದು ಬಂಡೆಯೂ ಇಲ್ಲ.

ಕಾಲವೂ ಮುಖ್ಯ. ದಕ್ಷಿಣ ಹಿಂದೂ ಮಹಾಸಾಗರದಲ್ಲಿ ನವೆಂಬರ್‌ನಿಂದ ಏಪ್ರಿಲ್‌ವರೆಗೆ ಚಂಡಮಾರುತದ ಕಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಗ್ನೇಯದ ವ್ಯಾಪಾರ ಮಾರುತ ಗಟ್ಟಿಯಾಗಿ ಬೀಸುತ್ತದೆ. ಆಗ ಹೋಗಬೇಕು. ಗಟ್ಟಿಯಾಗಿ ಅಂದರೆ 20–25 ನಾಟ್, ಅಂದರೆ ಗಂಟೆಗೆ ಅಷ್ಟು ನಾಟಿಕಲ್ ಮೈಲಿ, ಹಗಲೂ ರಾತ್ರಿ. ಅದರ ಜೊತೆಗೆ ದಕ್ಷಿಣದಿಂದ ದೊಡ್ಡ ಉಬ್ಬಲೆ ಅಡ್ಡ ಬರುತ್ತದೆ. ದೋಣಿ ಒಂದೇ ಲಯದಲ್ಲಿ ತೂಗುವುದಿಲ್ಲ, ಎರಡು ಕಡೆಯಿಂದಲೂ ಹೊಡೆಸಿಕೊಳ್ಳುತ್ತದೆ. ಹಿನ್ನೀರಿನ ಅಲೆ ನೋಡಿ ಇದನ್ನು ಅಂದಾಜು ಮಾಡಬೇಡಿ.

ಕೆಆರ್‌ಎಸ್_ತೆಪ್ಪ:
ಲಂಗರು ಸರ್, ಹಿನ್ನೀರನ್ನು ಅಷ್ಟು ಹಗುರ ಮಾಡಬೇಡಿ. ಜುಲೈನಲ್ಲಿ ಮೀನಾಕ್ಷಿಪುರದ ಕಡೆ ಗಾಳಿ ಎದ್ದಾಗ ಬಂದು ನೋಡಿ. ಎನ್‌ಸಿಸಿ ನೇವಲ್ ವಿಂಗ್‌ನಲ್ಲಿ ಇದ್ದಾಗಿನಿಂದ ನಾನು ಅಲ್ಲಿ ದೋಣಿ ಮಗುಚಿ ಬೀಳುವುದನ್ನೂ ಎತ್ತಿ ನಿಲ್ಲಿಸುವುದನ್ನೂ ಮಾಡುತ್ತಿದ್ದೇನೆ. ಚಿಕ್ಕ ದೋಣಿಯಲ್ಲಿ ಕಲಿತವನಿಗೆ ಗಾಳಿ ಕೆನ್ನೆಯ ಮೇಲೆ ಗೊತ್ತಾಗುತ್ತದೆ. ದೊಡ್ಡ ಯಾಟ್‌ನಲ್ಲಿ ಮೀಟರ್ ನೋಡಿಕೊಂಡು ಕಲಿತವನಿಗೆ ಅದು ಬರುವುದೇ ಇಲ್ಲ.

ಲಂಗರು:
ಒಪ್ಪುತ್ತೇನೆ. ಗಾಳಿ ಗೊತ್ತಾಗುವುದರಲ್ಲಿ ಅವರಿಗೆ ಕೊರತೆ ಇಲ್ಲ. ನಾನು ಹೇಳುತ್ತಿರುವುದು ನಿದ್ದೆಯ ವಿಷಯ. ಸಂಜೆ ಮನೆಗೆ ಹೋಗಿ ಮಲಗುವವನಿಗೂ, ಹತ್ತನೇ ದಿನ ಬೆಳಗಿನ ಜಾವ 3 ಗಂಟೆಗೆ ಒದ್ದೆ ಜಾಕೆಟ್ ಹಾಕಿಕೊಂಡು ಮೇಲೆ ಬರುವವನಿಗೂ ಬಹಳ ವ್ಯತ್ಯಾಸ ಇದೆ.

ಗಂಜಾಂ_ಅಂಜೂರ:
ನಮ್ಮ ದೇಶದವರು ಇದಕ್ಕಿಂತ ದೊಡ್ಡದನ್ನೇ ಮಾಡಿದ್ದಾರೆ, ಹೆದರಿಸಬೇಡಿ. 1985ರಲ್ಲಿ ಸೇನೆಯ ಎಂಜಿನಿಯರ್‌ಗಳು ‘ತೃಷ್ಣಾ’ ಅನ್ನುವ 37 ಅಡಿಯ ಯಾಟ್‌ನಲ್ಲಿ ಹೊರಟು 1987ರಲ್ಲಿ ಭೂಮಿ ಸುತ್ತಿ ಬಂದರು. 2009–10ರಲ್ಲಿ ದಿಲೀಪ್ ದೊಂಡೆ ‘ಮ್ಹಾದೇಯಿ’ಯಲ್ಲಿ ಒಬ್ಬರೇ ಸುತ್ತಿದರು. ಆ ಯಾಟ್ ಕಟ್ಟಿದ್ದು ಗೋವಾದಲ್ಲಿ. 2017–18ರಲ್ಲಿ ನೌಕಾಪಡೆಯ ಆರು ಮಹಿಳೆಯರು ‘ತಾರಿಣಿ’ಯಲ್ಲಿ 254 ದಿನದಲ್ಲಿ ಮುಗಿಸಿದರು. ಮೊನ್ನೆ 2024–25ರಲ್ಲಿ ಅದೇ ತಾರಿಣಿಯಲ್ಲಿ ದಿಲ್ನಾ, ರೂಪಾ ಇಬ್ಬರೇ ಹೋಗಿ ಬಂದರು.

ಲಂಗರು:
ಅವರ ಹಿಂದೆ ಸೇನೆಯೋ ನೌಕಾಪಡೆಯೋ ಇತ್ತು, ವರ್ಷಗಟ್ಟಲೆ ತರಬೇತಿ ಇತ್ತು. ಆದರೂ ಸಮುದ್ರ ಯಾರ ಮುಖವನ್ನೂ ನೋಡುವುದಿಲ್ಲ. 2018ರ ಸೆಪ್ಟೆಂಬರ್‌ನಲ್ಲಿ, ಒಬ್ಬರೇ ಭೂಮಿ ಸುತ್ತುವ ಗೋಲ್ಡನ್ ಗ್ಲೋಬ್ ರೇಸಿನಲ್ಲಿ ನೌಕಾಪಡೆಯ ಅಭಿಲಾಷ್ ಟೋಮಿ ಅವರ ದೋಣಿಯ ಕಂಬ ಮುರಿಯಿತು, ಬೆನ್ನುಮೂಳೆಗೆ ಪೆಟ್ಟಾಯಿತು. ಮೂರು ದಿನ ಏಳಲಾಗದೆ ದೋಣಿಯೊಳಗೆ ಮಲಗಿದ್ದರು. ಫ್ರಾನ್ಸ್‌ನ ‘ಒಸಿರಿಸ್’ ಹಡಗು ಬಂದು ಎತ್ತಿಕೊಂಡು ಆಮ್‌ಸ್ಟರ್‌ಡ್ಯಾಮ್ ದ್ವೀಪಕ್ಕೆ ಒಯ್ದಿತು. ಅವರು ಎಲ್ಲಿದ್ದಾರೆ ಅಂತ ಗೊತ್ತಾಗಿದ್ದು ಇಪರ್ಬ್ ಅನ್ನುವ ಅಂಗೈಯಲ್ಲಿ ಹಿಡಿಯುವಂಥ ಒಂದು ಉಪಕರಣ ಉಪಗ್ರಹಕ್ಕೆ ಸಿಗ್ನಲ್ ಕಳಿಸಿದ್ದರಿಂದ.

ಅದಕ್ಕೇ ಹೇಳೋದು. ಯಾಟ್ ಹತ್ತಿದ ತಕ್ಷಣ ಇಪರ್ಬ್ ಬ್ಯಾಟರಿಯ ಮೇಲಿನ ತಾರೀಖು ನೋಡಿ. ಲೈಫ್‌ರಾಫ್ಟ್, ಅಂದರೆ ದೋಣಿ ಮುಳುಗಿದರೆ ಹತ್ತುವ ತೆಪ್ಪ, ಕೊನೆಯ ಸಲ ಸರ್ವಿಸ್ ಆದ ತಾರೀಖು ನೋಡಿ. ಕಂಬ ಹಿಡಿದು ನಿಲ್ಲಿಸುವ ತಂತಿಗಳು ಎಷ್ಟು ವರ್ಷದ್ದು ಕೇಳಿ. ಹತ್ತು ವರ್ಷ ದಾಟಿದ್ದರೆ ಬದಲಾಯಿಸಿದ್ದೀಯಾ ಅಂತ ಕೇಳಿ. ಗೆಳೆಯ ಅಂತ ಸಂಕೋಚ ಬೇಡ.

ಗಂಜಾಂ_ಅಂಜೂರ:
ಅದೇ ಟೋಮಿ 2022–23ರಲ್ಲಿ ಮತ್ತೆ ಅದೇ ರೇಸಿಗೆ ಹೋಗಿ ಎರಡನೇ ಸ್ಥಾನ ತಗೊಂಡರು. ಅದನ್ನೂ ಹೇಳಿ ಸರ್!

ಯಾದವಗಿರಿ_ಅಕ್ಕ:
ಈ ದಾರಿಯಲ್ಲೇ ನಾನು ಹೋಗಿದ್ದೇನೆ. 2017ರಲ್ಲಿ, ನಾನೂ ನಮ್ಮ ಯಜಮಾನರೂ, ಪರಿಚಯದವರ 40 ಅಡಿಯ ಯಾಟ್‌ನಲ್ಲಿ. ಸ್ವಲ್ಪ ಉದ್ದ ಬರೆಯುತ್ತೇನೆ.

ಕೊಕೋಸ್ ಆಸ್ಟ್ರೇಲಿಯಾಕ್ಕೆ ಸೇರಿದ್ದು. ನಿಮ್ಮದು ಭಾರತದ ಪಾಸ್‌ಪೋರ್ಟ್ ಅಂದುಕೊಳ್ಳುತ್ತೇನೆ, ವೀಸಾ ಮೊದಲೇ ಮಾಡಿಸಿಕೊಳ್ಳಲೇಬೇಕು. ಸಮುದ್ರದಿಂದ ಬಂದೆ, ಸಣ್ಣ ದ್ವೀಪ, ಯಾರು ಕೇಳ್ತಾರೆ ಅನ್ನೋ ಹಾಗಿಲ್ಲ. ಬರುತ್ತಿದ್ದೇವೆ ಅಂತ ಕನಿಷ್ಠ 12 ಗಂಟೆ ಮುಂಚೆ ತಿಳಿಸಬೇಕು. ಲಂಗರು ಹಾಕಲು ಡೈರೆಕ್ಷನ್ ದ್ವೀಪದ ಹತ್ತಿರ ಜಾಗ ಇದೆ. ಹಳದಿ ಬಾವುಟ ಏರಿಸಿ ದೋಣಿಯಲ್ಲೇ ಕೂರಬೇಕು. ಅಧಿಕಾರಿಗಳು ಬಂದು ಪರೀಕ್ಷೆ ಮಾಡಿ ಸರಿ ಅಂದ ಮೇಲೆ ಹಳದಿ ಇಳಿಸಿ ಆ ದೇಶದ ಬಾವುಟ ಹಾರಿಸುವುದು. ಅಲ್ಲಿಯವರೆಗೆ ಒಂದು ಕಾಲೂ ಮರಳಿಗೆ ಇಡುವ ಹಾಗಿಲ್ಲ. ಇಷ್ಟು ಹತ್ತಿರ ತೆಂಗಿನ ಮರ ಕಾಣುತ್ತಿರುತ್ತದೆ. ಎಷ್ಟು ದಿನದ ಮೇಲೆ ನೆಲ! ಆದರೂ ಕೂತಿರಬೇಕು.

ಲಂಗರಿನ ಕೆಳಗೆ ನೀರು ಎಷ್ಟು ತಿಳಿ ಅಂದರೆ ಸರಪಳಿಯ ಕೊಂಡಿ ಎಣಿಸಬಹುದಿತ್ತು. ಮರಿ ಶಾರ್ಕ್‌ಗಳು, ರೆಕ್ಕೆಯ ತುದಿ ಮಾತ್ರ ಕಪ್ಪು, ನಮ್ಮ ದೋಣಿಯ ನೆರಳಿನಲ್ಲಿ ಸುತ್ತುತ್ತಿದ್ದವು. ದ್ವೀಪದಲ್ಲಿ ಜನ ವಾಸ ಇಲ್ಲ. ಒಂದು ಚಪ್ಪರ ಇದೆ. ಬಂದು ಹೋದ ಯಾಟ್‌ಗಳವರು ಹಲಗೆಯ ಮೇಲೆ ತಮ್ಮ ದೋಣಿಯ ಹೆಸರು ಬರೆದು ಅಲ್ಲಿ ತೂಗುಹಾಕಿದ್ದಾರೆ. ನಾವೂ ಒಂದು ಹಲಗೆಯ ಮೇಲೆ ಕನ್ನಡದಲ್ಲಿ ‘ಮೈಸೂರು’ ಅಂತ ಬರೆದು ಕಟ್ಟಿ ಬಂದೆವು. ನೀವು ಹೋದರೆ ಇದೆಯಾ ನೋಡಿ ಹೇಳಬೇಕು.

ರಾಡ್ರಿಗಸ್ ವಿಷಯ ಆಮೇಲೆ ಬರೆಯುತ್ತೇನೆ, ಕುಕ್ಕರ್ ಕೂಗುತ್ತಿದೆ.

ಮೇಲುಕೋಟೆ_ಪುಳಿಯೋಗರೆ:
ಡೈರೆಕ್ಷನ್ ದ್ವೀಪ ಅಂದಿರಲ್ಲ, ಅದು ‘ಎಮ್ಡೆನ್’ ಬಂದ ಜಾಗ! 1914ರ ಸೆಪ್ಟೆಂಬರ್ 22ರ ರಾತ್ರಿ ಮದರಾಸಿನ ಎಣ್ಣೆ ಟ್ಯಾಂಕುಗಳಿಗೆ ಗುಂಡು ಹಾಕಿತಲ್ಲ, ಅದೇ ಜರ್ಮನ್ ಹಡಗು. ನಮ್ಮದು ಮಂಡ್ಯಂ ಅಯ್ಯಂಗಾರರ ಮನೆ, ಅಜ್ಜಿ ತಮಿಳು ಮಾತಾಡುತ್ತಿದ್ದರು. ಯಾರಾದರೂ ಗಟ್ಟಿಗ ಕಂಡರೆ ‘ಎಮ್ಡನ್’ ಅನ್ನುತ್ತಿದ್ದರು. ಅದು ಹಡಗಿನ ಹೆಸರು ಅಂತ ಗೊತ್ತಾದಾಗ ನನಗೆ ಇಪ್ಪತ್ತು ದಾಟಿತ್ತು.

ಅದೇ ವರ್ಷ ನವೆಂಬರ್ 9ಕ್ಕೆ ಎಮ್ಡೆನ್ ಕೊಕೋಸ್‌ಗೆ ಹೋಗಿ, ಅಲ್ಲಿದ್ದ ತಂತಿ ಕೇಂದ್ರ ಒಡೆಯಲು ಸುಮಾರು 50 ಜನರನ್ನು ದಡಕ್ಕೆ ಇಳಿಸಿತು. ತಂತಿಯವರು ಅಷ್ಟರಲ್ಲಿ ಸುದ್ದಿ ಕಳಿಸಿಬಿಟ್ಟಿದ್ದರು. ಆಸ್ಟ್ರೇಲಿಯಾದ ‘ಸಿಡ್ನಿ’ ಬಂದು ಎಮ್ಡೆನ್ ಅನ್ನು ಮುಗಿಸಿತು. ದಡದಲ್ಲಿ ಉಳಿದ ಆ 50 ಜನ ಏನು ಮಾಡಿದರು ಗೊತ್ತಾ? ಅಲ್ಲೇ ನಿಂತಿದ್ದ ‘ಆಯೆಶಾ’ ಅನ್ನುವ ಮೂರು ಕಂಬದ ಹಳೆಯ ಹಾಯಿಹಡಗು ಹತ್ತಿ ತಪ್ಪಿಸಿಕೊಂಡರು. ಹೋಗಿ ಮುಟ್ಟಿದ್ದು ಪಾಡಾಂಗ್‌ಗೆ. ಹಿನ್ನೀರು ಅಣ್ಣ ಹೋಗುವ ದಾರಿಯೇ, ಉಲ್ಟಾ!

ಪಾಂಡವಪುರ_ಪುಟ್ಟ:
ಮೈ ಜುಮ್ ಅಂತು ಗುರುವೇ.

ಗಂಜಾಂ_ಅಂಜೂರ:
ನಮ್ಮ ಶ್ರೀರಂಗಪಟ್ಟಣಕ್ಕೂ ಸಮುದ್ರದ ಕಥೆ ಇದೆ. 1786ರಲ್ಲಿ ಟಿಪ್ಪು ಕಾನ್‌ಸ್ಟಾಂಟಿನೋಪಲ್‌ಗೆ ರಾಯಭಾರಿಗಳನ್ನು ಕಳಿಸಿದ್ದು ಉತ್ತರ ಕನ್ನಡದ ತದಡಿ ಬಂದರಿನಿಂದ. ಮಸ್ಕತ್, ಆಮೇಲೆ ಬಸ್ರಾ. ಮಸ್ಕತ್‌ನಲ್ಲಿ ನಮ್ಮ ಗಂಧ, ಮೆಣಸು ಮಾರಲು ಕೋಠಿಯೇ ಇತ್ತು. ಮೈಸೂರಿನವರಿಗೆ ಸಮುದ್ರ ಗೊತ್ತಿಲ್ಲ ಅನ್ನೋದು ತಪ್ಪು.

ದಸರಾ_ಬೊಂಬೆ:
ಆ ಹಡಗುಗಳಲ್ಲಿ ಹೋದವರಲ್ಲಿ ಎಷ್ಟು ಜನ ವಾಪಸ್ ಬರಲಿಲ್ಲ, ಅದನ್ನೂ ಬರೆಯಿರಿ.

ನಿರ್ವಾಹಕ:
ಟಿಪ್ಪು ಚರ್ಚೆಗೆ ಬೇರೆ ಥ್ರೆಡ್ ಇದೆ. ಅಲ್ಲಿ ಮುಂದುವರಿಸಿ. ಇಲ್ಲಿ ಯಾಟ್ ಬಗ್ಗೆ ಮಾತ್ರ.

ಹಿನ್ನೀರು_ಮಂಡ್ಯ:
ಎಲ್ಲರಿಗೂ ಧನ್ಯವಾದ. ನಿನ್ನೆ ರಾತ್ರಿ ಮನೆಯವಳಿಗೆ ಹೇಳಿದೆ. ಊಟ ಆಗುವವರೆಗೂ ಮಾತಾಡಲಿಲ್ಲ. ಆಮೇಲೆ ‘ದಿನಾ ಸುದ್ದಿ ಗೊತ್ತಾಗುವ ಹಾಗಿದ್ದರೆ ನೋಡೋಣ’ ಅಂದಳು. ಅದು ಆಗುತ್ತದಾ? ಮತ್ತೆ, ಗೆಳೆಯ ದಾರಿಯಲ್ಲಿ ಚಾಗೋಸ್ ಕಡೆಯೂ ಹೋಗೋಣ ಅನ್ನುತ್ತಿದ್ದಾನೆ. ಯಾರೂ ಇಲ್ಲದ ಹವಳದ ದ್ವೀಪಗಳಂತೆ. ಅದರ ಬಗ್ಗೆ?

ಕೆಆರ್‌ಎಸ್_ತೆಪ್ಪ:
ದಿನಾ ಸುದ್ದಿ ಖಂಡಿತ ಆಗುತ್ತದೆ. ಉಪಗ್ರಹದ ಮೂಲಕ ಮೆಸೇಜ್ ಕಳಿಸುವ ಕೈಯಲ್ಲಿ ಹಿಡಿಯುವ ಉಪಕರಣ ಸಿಗುತ್ತದೆ. ದೋಣಿ ಎಲ್ಲಿದೆ ಅಂತ ಮನೆಯಲ್ಲಿ ಮೊಬೈಲ್‌ನಲ್ಲೇ ನೋಡಬಹುದು. ಆದರೆ ಮನೆಯವರಿಗೆ ಮೊದಲೇ ಹೇಳಿಡಿ: ಒಂದು ದಿನ ಚುಕ್ಕಿ ಮುಂದೆ ಹೋಗದಿದ್ದರೆ ಉಪಕರಣದ ಚಾರ್ಜ್ ಹೋಗಿರಬಹುದು, ತಕ್ಷಣ ಗಾಬರಿ ಬೇಡ ಅಂತ. ಇನ್ನೊಂದು ವಿಷಯ, ಅಂಥ ಉಪಕರಣವನ್ನು ಭಾರತದೊಳಗೆ ಜೇಬಿನಲ್ಲಿಟ್ಟುಕೊಂಡು ಓಡಾಡಬೇಡಿ. ಇಲ್ಲಿ ಉಪಗ್ರಹ ಫೋನಿಗೆ ಅನುಮತಿ ಬೇಕು, ವಿಮಾನ ನಿಲ್ದಾಣದಲ್ಲಿ ತೊಂದರೆ ಆಗುತ್ತದೆ. ಯಾಟ್‌ನಲ್ಲೇ ಇರಲಿ.

ಯಾದವಗಿರಿ_ಅಕ್ಕ:
ಚಾಗೋಸ್ ಬೇಡ ಅನ್ನುತ್ತೇನೆ. ‘ಯಾರೂ ಇಲ್ಲದ’ ದ್ವೀಪ ಅಲ್ಲ ಅದು. ಜನ ಇದ್ದರು. 1968ರಿಂದ 1973ರ ನಡುವೆ ಬ್ರಿಟಿಷರು ಅವರನ್ನೆಲ್ಲ ಅಲ್ಲಿಂದ ಎಬ್ಬಿಸಿ ಮಾರಿಷಸ್, ಸೀಶೆಲ್ಸ್‌ಗೆ ಸಾಗಿಸಿದರು, ಡಿಯೆಗೋ ಗಾರ್ಸಿಯಾದಲ್ಲಿ ಅಮೆರಿಕದ ಸೇನಾ ನೆಲೆಗೆ ಜಾಗ ಬೇಕಾಗಿತ್ತು ಅಂತ. ಆಮೇಲೆ ನಮ್ಮಂಥ ಯಾಟ್‌ನವರು ಪರ್ಮಿಟ್ ತಗೊಂಡು ವಾರಗಟ್ಟಲೆ ಲಂಗರು ಹಾಕಿ ಈಜುತ್ತಿದ್ದರು. ಅಲ್ಲೇ ಹುಟ್ಟಿದವರು ತಮ್ಮ ಅಪ್ಪ ಅಮ್ಮನ ಸಮಾಧಿ ನೋಡಲೂ ಕಾಯಬೇಕಿತ್ತು. ನನಗೆ ಆ ನೀರಿಗೆ ಇಳಿಯಲು ಮನಸ್ಸಾಗಲಿಲ್ಲ. ನಮ್ಮ ಕ್ಯಾಪ್ಟನ್‌ಗೆ ಹಾಗೇ ಹೇಳಿದೆ.

ಪಾಂಡವಪುರ_ಪುಟ್ಟ:
ಅಕ್ಕ, ಒಂದು ಯಾಟ್ ಹೋಗದಿದ್ದರೆ ಅವರಿಗೇನು ಲಾಭ? ಹೋಗಿ ನೋಡಿ ಬಂದು ನಾಲ್ಕು ಜನಕ್ಕೆ ಹೇಳಿದರೆ ಒಳ್ಳೆಯದಲ್ವಾ?

ಯಾದವಗಿರಿ_ಅಕ್ಕ:
ಅವರಿಗೆ ಲಾಭ ಇಲ್ಲ ಪುಟ್ಟ, ನಿಜ. ಆದರೂ ಕನ್ನಂಬಾಡಿ ಕಟ್ಟುವಾಗ ಊರು ಮುಳುಗಿದವರ ಮೊಮ್ಮಕ್ಕಳು ನಮ್ಮ ಸುತ್ತಲೇ ಇದ್ದಾರೆ. ನೀರು ಇಳಿದ ವರ್ಷ ಹಳೆಯ ದೇವಸ್ಥಾನದ ಜಾಗ ನೋಡಲು ಎಷ್ಟು ಜನ ಹೋಗುತ್ತಿದ್ದರು. ಅವರನ್ನು ತಡೆದು ಹೊರಗಿನವರನ್ನು ಬಿಟ್ಟಿದ್ದರೆ ಹೇಗಿರುತ್ತಿತ್ತು?

ಲಂಗರು:
ಅಕ್ಕನ ಮಾತಿಗೆ ನನ್ನ ಕಡೆಯಿಂದ ಒಂದು ಲೆಕ್ಕ. ಅಲ್ಲಿಗೆ ಹೋಗಲು ಮುಂಚೆಯೇ ಪರ್ಮಿಟ್, ದೋಣಿ ಒಡೆದರೆ ಎತ್ತಿಸುವ ಖರ್ಚಿಗೂ ಇನ್ಶೂರೆನ್ಸ್ ಕೇಳುತ್ತಿದ್ದರು. ಮೂರು ಜನರ ಮೊದಲ ಪ್ರಯಾಣಕ್ಕೆ ಆ ತಲೆನೋವೂ ಬೇಡ, ಆ ಹವಳದ ಬಂಡೆಗಳೂ ಬೇಡ.

ಅದಕ್ಕಿಂತ ಈ ಕಾಗದ ನೋಡಿಕೊಳ್ಳಿ. ಬೆಂಗಳೂರಿನಿಂದ ಒನ್ ವೇ ಟಿಕೆಟ್‌ನಲ್ಲಿ ಹೊರಟರೆ ವಾಪಸ್ ಟಿಕೆಟ್ ಎಲ್ಲಿ ಅಂತ ಕೌಂಟರ್‌ನಲ್ಲೇ ಕೇಳುತ್ತಾರೆ. ನೀವು ಇಂಥ ಯಾಟ್‌ನ ಕ್ರೂ ಅಂತ ಗೆಳೆಯನಿಂದ ಪತ್ರ, ಯಾಟ್‌ನ ನೋಂದಣಿ ಪ್ರತಿ ಕೈಯಲ್ಲಿರಲಿ. ಪ್ರತಿ ಬಂದರಿನಲ್ಲೂ ಕ್ರೂ ಪಟ್ಟಿಯಲ್ಲಿ ನಿಮ್ಮ ಹೆಸರು ಇರುತ್ತದೆ. ಮಧ್ಯದಲ್ಲಿ ಜಗಳವಾಗಿ ಇಳಿಯುತ್ತೇನೆ ಅಂದರೆ ಸುಮ್ನೆ ಬ್ಯಾಗ್ ಎತ್ತಿಕೊಂಡು ಹೋಗುವ ಹಾಗಿಲ್ಲ, ಇಮಿಗ್ರೇಷನ್‌ನಲ್ಲಿ ಹೆಸರು ತೆಗೆಸಬೇಕು. ಹಿಂದಿನ ಬಂದರಿನಿಂದ ಹೊರಡುವಾಗ ಕೊಡುವ ಕ್ಲಿಯರೆನ್ಸ್ ಪತ್ರ ಇಲ್ಲದೆ ಮುಂದಿನ ಬಂದರಿನವರು ಒಳಗೆ ಸೇರಿಸುವುದಿಲ್ಲ. ನನ್ನ ಪರಿಚಯದ ಒಬ್ಬರು ಇದನ್ನೆಲ್ಲ ಒಬ್ಬ ಏಜೆಂಟ್‌ಗೆ ಒಪ್ಪಿಸಿ ದುಡ್ಡು ಕೊಟ್ಟರು. ಅವನು ಫೋನ್ ಎತ್ತುವುದನ್ನೇ ಬಿಟ್ಟ. ಸಣ್ಣ ಯಾಟ್‌ಗೆ ಏಜೆಂಟ್ ಬೇಡದ ಕಡೆ ನೀವೇ ಮಾಡಿ.

ಮೇಲುಕೋಟೆ_ಪುಳಿಯೋಗರೆ:
ಊಟದ ಕಥೆ ಏನು? ನಮ್ಮ ಕಡೆಯವರು ಮುದ್ದೆ ಇಲ್ಲದೆ ಹದಿನಾರು ದಿನ ಇರುತ್ತಾರಾ?

ಯಾದವಗಿರಿ_ಅಕ್ಕ:
ಮುದ್ದೆ ಮಾಡಿದ್ದೇನೆ! ಯಾಟ್‌ನ ಒಲೆ ತೊಟ್ಟಿಲಿನ ಹಾಗೆ ತೂಗುತ್ತದೆ, ದೋಣಿ ವಾಲಿದರೂ ಒಲೆ ಮಟ್ಟವಾಗಿ ನಿಲ್ಲುತ್ತದೆ. ಆದರೆ ಮುದ್ದೆ ತೊಳಸಲು ಎರಡೂ ಕೈ ಬೇಕಲ್ಲ, ಸಮುದ್ರದಲ್ಲಿ ಒಂದು ಕೈ ಯಾವಾಗಲೂ ದೋಣಿ ಹಿಡಿದಿರಬೇಕು. ಯಜಮಾನರು ಹಿಂದಿನಿಂದ ನನ್ನ ಸೊಂಟದ ಬೆಲ್ಟ್ ಹಿಡಿದು ನಿಂತರು, ನಾನು ಪಾತ್ರೆಯನ್ನು ಕಾಲ ನಡುವೆ ಇಟ್ಟು ತೊಳಸಿದೆ. ನಾಲ್ಕು ಜನಕ್ಕೆ ನಾಲ್ಕು ಮುದ್ದೆ. ಹುರುಳಿಕಾಳಿನ ಸಾರು. ಕ್ಯಾಪ್ಟನ್ ನ್ಯೂಜಿಲೆಂಡ್‌ನವರು, ಅಗಿಯಬೇಡಿ, ನುಂಗಿ ಅಂತ ಹೇಳಿಕೊಡಬೇಕಾಯಿತು.

ತೆಗೆದುಕೊಂಡು ಹೋಗುವುದು: ಪ್ರೆಷರ್ ಕುಕ್ಕರ್ ಬೇಕೇ ಬೇಕು, ಗ್ಯಾಸ್ ಉಳಿಯುತ್ತದೆ, ಮುಚ್ಚಳ ಭದ್ರ, ದೋಣಿ ಕುಲುಕಿದರೂ ಬಿಸಿ ಚೆಲ್ಲುವುದಿಲ್ಲ. ಅವಲಕ್ಕಿ, ಹುರಿದ ರವೆ, ಚಟ್ನಿಪುಡಿ, ಬೆಲ್ಲ. ಹುರುಳಿ, ಹೆಸರುಕಾಳು ಮೊಳಕೆ ಕಟ್ಟಿದರೆ ತರಕಾರಿ ಮುಗಿದ ಮೇಲೂ ಹಸಿ ತಿನ್ನಲು ಸಿಗುತ್ತದೆ. ರಟ್ಟಿನ ಡಬ್ಬ ಯಾವುದೂ ದೋಣಿಯೊಳಗೆ ಬೇಡ, ಅದರ ಮಡಿಕೆಯಲ್ಲಿ ಜಿರಲೆ ಮೊಟ್ಟೆ ಬರುತ್ತದೆ. ಎಲ್ಲವನ್ನೂ ಜೆಟ್ಟಿಯ ಮೇಲೇ ಪ್ಲಾಸ್ಟಿಕ್ ಡಬ್ಬಕ್ಕೆ ಸುರಿದುಕೊಳ್ಳಿ. ಕೊಕೋಸ್‌ನಲ್ಲಿ ಇರುವುದೆಲ್ಲ ಬಾಯಿಬಿಟ್ಟು ಹೇಳಿ. ಹಸಿ ಹಣ್ಣು, ತರಕಾರಿ, ಮೊಳಕೆ ಬರುವ ಕಾಳು ಅವರು ತೆಗೆದುಕೊಂಡು ಹೋಗಬಹುದು. ಬಚ್ಚಿಟ್ಟರೆ ದಂಡ.

ನೀರು: ಕುಡಿಯಲು, ಅಡಿಗೆಗೆ ತಲೆಗೆ ದಿನಕ್ಕೆ 3 ಲೀಟರ್. ಮೂರು ಜನ, 16 ದಿನ, 144 ಲೀಟರ್. ಅದರ ಎರಡರಷ್ಟು ಇಟ್ಟುಕೊಳ್ಳಿ, ಅದರಲ್ಲೂ ಒಂದು ಪಾಲು ಕ್ಯಾನ್‌ನಲ್ಲಿ ಬೇರೆ ಇರಲಿ. ಟ್ಯಾಂಕ್ ಸೋರಿದರೆ ಎಲ್ಲ ಒಂದೇ ಸಲ ಹೋಗುತ್ತದೆ. ಪಾತ್ರೆ, ಸ್ನಾನ ಎಲ್ಲ ಉಪ್ಪು ನೀರಿನಲ್ಲಿ.

ದಸರಾ_ಬೊಂಬೆ:
ವಾಂತಿ ಆಗೋದಿಲ್ವಾ ಅಕ್ಕ? ನನಗೆ ಊಟಿ ಬಸ್ಸಿನಲ್ಲೇ ಆಗುತ್ತದೆ.

ಯಾದವಗಿರಿ_ಅಕ್ಕ:
ಮೂರು ದಿನ ಆಯಿತಮ್ಮ. ನಾಲ್ಕನೇ ದಿನ ಹಸಿವಾಯಿತು. ಮಾತ್ರೆಯನ್ನು ಡಾಕ್ಟರ್ ಕೇಳಿ, ಮೊದಲು ನೆಲದ ಮೇಲೇ ತಗೊಂಡು ನೋಡಬೇಕು. ಕೆಲವರಿಗೆ ಬಹಳ ನಿದ್ದೆ ಬರುತ್ತದೆ, ಕಾವಲಿಗೆ ಕೂತಾಗ ಅದು ಅಪಾಯ.

ಈಗ ರಾಡ್ರಿಗಸ್. ಹದಿನೇಳನೇ ದಿನ ಬೆಳಿಗ್ಗೆ ಮೋಡದ ಕೆಳಗೆ ಒಂದು ಕಂದು ಗೆರೆ ಕಂಡಿತು. ಪೋರ್ಟ್ ಮತುರಿನ್ ಅಂತ ಪುಟ್ಟ ಬಂದರು. ಬಂಡೆಗಳ ನಡುವೆ ಅಗೆದ ಕಾಲುವೆಯಲ್ಲಿ ಒಳಗೆ ಹೋಗಬೇಕು. ಆರೋಗ್ಯ ಇಲಾಖೆ, ಕೋಸ್ಟ್ ಗಾರ್ಡ್, ಕಸ್ಟಮ್ಸ್, ಇಮಿಗ್ರೇಷನ್ ಎಲ್ಲರೂ ಕಟ್ಟೆಗೇ ಬಂದರು. ಮಾರಿಷಸ್‌ಗೆ ಸೇರಿದ್ದರಿಂದ ನಮ್ಮ ಪಾಸ್‌ಪೋರ್ಟ್‌ಗೆ ವೀಸಾ ತಕರಾರು ಬರಲಿಲ್ಲ.

ಮೂರನೇ ದಿನ ಕೋಸ್ಟ್ ಗಾರ್ಡ್‌ನವರು ಬಂದು, ನಾಳೆ ಬೆಳಿಗ್ಗೆ ಎಲ್ಲ ಯಾಟ್‌ಗಳೂ ಹೊರಗೆ ಹೋಗಬೇಕು, ಸಾಮಾನಿನ ಹಡಗು ಬರುತ್ತಿದೆ ಅಂದರು. ಬಂದರು ಎಷ್ಟು ಚಿಕ್ಕದು ಅಂದರೆ ಆ ಹಡಗು ತಿರುಗಲು ಪೂರ್ತಿ ಜಾಗ ಬೇಕು. ಪಕ್ಕದ ಯಾಟ್‌ನ ಒಬ್ಬರು ದುಡ್ಡು ಕೊಟ್ಟಿದ್ದೇವೆ, ಯಾಕೆ ಹೋಗಬೇಕು ಅಂತ ಕೂಗಾಡಿದರು. ನಾವು ಲಂಗರು ಎತ್ತಿ ಹೊರಗೆ ಹೋಗಿ ಕಾದೆವು. ಹಡಗು ಬಂತು. ಸಿಮೆಂಟು, ಗ್ಯಾಸ್ ಸಿಲಿಂಡರ್, ಅಕ್ಕಿ ಮೂಟೆ, ಯಾರದೋ ಮದುವೆಗೆ ಕುರ್ಚಿಗಳು. ಅರ್ಧ ಊರು ಕಟ್ಟೆಯ ಮೇಲಿತ್ತು. ಅವರಿಗೆ ಆ ಹಡಗು ಅಂದರೆ ನಮಗೆ ಸಂತೆ ದಿನ ಇದ್ದ ಹಾಗೆ. ಆವತ್ತು ದೂರದಿಂದ ಅದನ್ನು ನೋಡುತ್ತಾ ಕೂತಿದ್ದು ನನಗೆ ಇಡೀ ಪ್ರಯಾಣದಲ್ಲಿ ಎಲ್ಲಕ್ಕಿಂತ ಚೆನ್ನಾಗಿ ನೆನಪಿದೆ.

ಅಲ್ಲಿನ ಹೆಂಗಸರು ನೀರು ಇಳಿದಾಗ ಹವಳದ ದಿಬ್ಬದ ಮೇಲೆ ನಡೆದು ಹೋಗಿ ಕೋಲಿನಿಂದ ಆಕ್ಟೋಪಸ್ ಹಿಡಿಯುತ್ತಾರೆ, ತಂತಿಯ ಮೇಲೆ ಬಟ್ಟೆಯ ಹಾಗೆ ಒಣಗಿಸುತ್ತಾರೆ. ಶನಿವಾರದ ಸಂತೆಯಲ್ಲಿ ಒಬ್ಬ ಅಜ್ಜಿ ನಿಂಬೆ ಮತ್ತು ಮೆಣಸಿನಕಾಯಿ ಉಪ್ಪಿನಕಾಯಿ ಮಾರುತ್ತಿದ್ದರು. ರುಚಿ ನೋಡಿದರೆ ನಮ್ಮ ದೇವರಾಜ ಮಾರುಕಟ್ಟೆಯ ಪಕ್ಕದ ಮನೆಯದೇ ಅನ್ನಿಸಿತು. ನಾನು ನನ್ನ ಚಟ್ನಿಪುಡಿ ಒಂದು ಡಬ್ಬ ಕೊಟ್ಟೆ. ಅವರು ದುಡ್ಡು ತಗೊಳ್ಳಲಿಲ್ಲ.

ಗಂಜಾಂ_ಅಂಜೂರ:
ಅಕ್ಕ, ಇದನ್ನೆಲ್ಲ ಒಂದು ಕಡೆ ಬರೆದಿಡಿ ದಯವಿಟ್ಟು.

ಹಿನ್ನೀರು_ಮಂಡ್ಯ:
ಎರಡು ಸಲ ಓದಿದೆ. ಮನೆಯವಳಿಗೂ ಓದಿ ಹೇಳಿದೆ. ಸಂತೆ ದಿನದ ಮಾತು ಬಂದಾಗ ಅವಳೂ ಹತ್ತಿರ ಬಂದು ಕೂತಳು.

ಗೆಳೆಯನಿಗೆ ಫೋನ್ ಮಾಡಿ ಲಂಗರು ಸರ್ ಹೇಳಿದ್ದನ್ನೆಲ್ಲ ಕೇಳಿದೆ. ಲೈಫ್‌ರಾಫ್ಟ್ ಸರ್ವಿಸ್ ಆಗಿ ಆರು ವರ್ಷ ಆಗಿದೆಯಂತೆ. ತಂತಿಗಳು ದೋಣಿ ಕೊಂಡಾಗಿನವೇ. ಎರಡೂ ಮಾಡಿಸದೆ ನಾನು ಬರುವುದಿಲ್ಲ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಮಾಡಿಸುತ್ತೇನೆ ಅಂದ. ಚಾಗೋಸ್ ಬಿಟ್ಟೆವು. ಫೆಬ್ರವರಿಯಲ್ಲಿ ಒಂದು ವಾರ ಲಂಕಾವಿಗೆ ಹೋಗಿ ಮೂರು ರಾತ್ರಿ ಅವರ ಜೊತೆ ಹೊರಗೆ ಸಮುದ್ರದಲ್ಲಿ ಇದ್ದು ನೋಡುತ್ತೇನೆ. ಅದಾದ ಮೇಲೆ ಹೂಂ ಅನ್ನುವುದೋ ಬೇಡವೋ ತೀರ್ಮಾನ.

ಲಂಗರು:
ಈಗ ಸರಿ ಮಾತಾಡಿದಿರಿ. ಆ ಮೂರು ರಾತ್ರಿಯಲ್ಲಿ ಕತ್ತಲಲ್ಲಿ ಹಾಯಿ ಚಿಕ್ಕದು ಮಾಡುವುದನ್ನು ನೀವೇ ಮಾಡಿ. ಸೊಂಟದ ಹಗ್ಗ ದೋಣಿಗೆ ಕೊಕ್ಕೆ ಹಾಕದೆ ಮೆಟ್ಟಿಲು ಹತ್ತಬೇಡಿ. ರಾತ್ರಿ ನೀರಿಗೆ ಬಿದ್ದವನ ತಲೆ ಅಲೆಗಳ ನಡುವೆ ತೆಂಗಿನಕಾಯಿಯಷ್ಟೂ ಕಾಣುವುದಿಲ್ಲ.

ಕೆಆರ್‌ಎಸ್_ತೆಪ್ಪ:
ಈ ಭಾನುವಾರ ಬೆಳಿಗ್ಗೆ 7ಕ್ಕೆ ಹಿನ್ನೀರಿಗೆ ಬನ್ನಿ ಅಣ್ಣ. ಕಣ್ಣಿಗೆ ಬಟ್ಟೆ ಕಟ್ಟಿ ಹಾಯಿ ಚಿಕ್ಕದು ಮಾಡುವುದನ್ನು ಹತ್ತು ಸಲ ಮಾಡಿಸುತ್ತೇನೆ. ನನ್ನ ಹತ್ತಿರ ಒಂದು ಹಳೆಯ ಹಾರ್ನೆಸ್ ಇದೆ, ಅಳತೆ ಸರಿಹೋಗುತ್ತದಾ ನೋಡೋಣ.

ಯಾದವಗಿರಿ_ಅಕ್ಕ:
ನಾನೂ ಬರುತ್ತೇನೆ. ಮನೆಯವರನ್ನೂ ಕರೆದುಕೊಂಡು ಬನ್ನಿ, ಅವರ ಹತ್ತಿರ ಸ್ವಲ್ಪ ಮಾತಾಡಬೇಕು. ಇಡ್ಲಿ ನಾನು ತರುತ್ತೇನೆ.